ಹನ್ನೆರಡು ಸೆಂಟಿಮೀಟರ್ ಎತ್ತರದ ಕಾರು

ಕೆಮೆಲ್‌ನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಹದಿನೈದು ಸೆಂಟಿಮೀಟರ್ ಅಂತರವಿತ್ತು. ಅದನ್ನು ಹನ್ನೆರಡಕ್ಕೆ ಇಳಿಸಬೇಕೆಂದು ಅವನು ನಿಶ್ಚಯಿಸಿ ಒಂಬತ್ತು ವರ್ಷಗಳಾಗಿದ್ದವು. ತಡವಾದದ್ದು ಅಂಜಿಕೆಯಿಂದಲ್ಲ. ಅವನು ವೃತ್ತಿಯಿಂದ ಭೂಮಾಪಕ. ಅಳೆಯದೆ ಯಾವ ಕೆಲಸಕ್ಕೂ ಕೈಹಾಕುವವನಲ್ಲ. ಅಳೆಯುವುದಕ್ಕೆ ತಕ್ಕ ಬಿಡುವು ಈ ಶರತ್ಕಾಲದಲ್ಲಿ ಮಾತ್ರ ಸಿಕ್ಕಿತು.

ಕಾರು ಜಪಾನಿನದು. ಎರಡೇ ಬಾಗಿಲು, ತಗ್ಗಾದ ಮೂಗು, ಹೆಸರಿಗೆ ನಾಲ್ಕು ಸೀಟು. ಓಟಕ್ಕೆಂದೇ ಹುಟ್ಟಿದ ಆ ಕಾರಿನಲ್ಲಿ ಕೆಮೆಲ್ ದಿನವೂ ಬೆಳಿಗ್ಗೆ ಊರಂಚಿನ ಮನೆಯಿಂದ ಬಿಷ್ಕೆಕ್ ನಗರದ ಕಚೇರಿಗೆ ಹದಿನೇಳು ಕಿಲೋಮೀಟರ್ ಹೋಗುತ್ತಿದ್ದ. ಸಂಜೆ ಅಷ್ಟೇ ದೂರ ಹಿಂದಿರುಗುತ್ತಿದ್ದ. ಅದರ ಮೇಲೆ ಅವನಿಗಿದ್ದ ದೂರು ಒಂದೇ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ನಾಲ್ಕು ಬೆರಳಿನ ಸಂದು. ಉದ್ದಕ್ಕೆ ಬೆಳೆದವನು ಮೂರು ವರ್ಷ ಹಿಂದಿನ ಪ್ಯಾಂಟು ತೊಟ್ಟಂತೆ ಕಾಣುತ್ತಿತ್ತು. ತಿರುವುಗಳಲ್ಲಿ ಕಾರು ಮಗ್ಗುಲು ಬದಲಿಸಿ ಮಲಗುವವರಂತೆ ಹೊರಳುತ್ತಿತ್ತು. ರೇಖೆಗಳನ್ನು ನೋಡಿಯೇ ಅನ್ನ ಉಣ್ಣುವವನಿಗೆ ಇದು ಸಹ್ಯವಾಗಿರಲಿಲ್ಲ.

ವಿಷಯವನ್ನು ಅವನು ಚಹಾದ ಹೊತ್ತಿನಲ್ಲಿ ಹೆಂಡತಿಯ ಮುಂದಿಟ್ಟ. ಸಾಯಿರಾಗುಲ್ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತನ್ನೂ ಮಾತ್ರೆಯಂತೆ ಎಣಿಸಿ ಕೊಡುವುದು ಅವಳ ರೂಢಿ.

"ಇಳಿಸ್ತೀನಿ" ಎಂದ ಕೆಮೆಲ್.

"ಈಗ್ಲೇ ಹಿಂದಿನ ಸೀಟಿಂದ ಎದ್ದರೆ ಬಾವಿಯಿಂದ ಮೇಲೆ ಬಂದ ಹಾಗಿರುತ್ತೆ. ಇನ್ನೂ ಇಳಿಸ್ತೀರಾ? ಒಂದು ಕೆಲಸ ಮಾಡಿ, ಹೊಂಡ ತೋಡಿ ಒಳಗಿಟ್ಬಿಡಿ."

"ಮೂರೇ ಸೆಂಟಿಮೀಟರ್."

"ರೀ, ಆ ಕಾರಲ್ಲಿ ನಾನು ಒಂಬತ್ತು ವರ್ಷದಿಂದ ನೋಡಿರೋದು ಬೇರೆಯವರ ತಲೆಯ ಹಿಂಭಾಗ ಮಾತ್ರ."

ಇದು ಲೆಕ್ಕಕ್ಕೆ ಹತ್ತಿರದ ಮಾತು. ಹಿರಿಯರು ಕಾರಿನೊಳಗಿದ್ದರೆ ಮುಂದಿನ ಸೀಟು ಹಿರಿಯರದು, ಸೊಸೆಗೆ ಹಿಂದಿನದು. ಹಿರಿಯರಿಲ್ಲದೆ ಕಾರು ಆ ಮನೆಯಿಂದ ಹೊರಟ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಆದರೆ ಇದಕ್ಕೂ ಸ್ಪ್ರಿಂಗಿಗೂ ಏನು ಸಂಬಂಧವೆಂದು ಕೆಮೆಲ್‌ಗೆ ತಿಳಿಯಲಿಲ್ಲ.

ಸಾಯಿರಾಗುಲ್ ಬಟ್ಟಲನ್ನು ಕೆಳಗಿಟ್ಟಳು. "ಇಳಿಸ್ಕೊಳ್ಳಿ. ಆದ್ರೆ ಒಂದು ಷರತ್ತು. ಬರೋ ನೊರೂಜ್ ಹಬ್ಬದ ತನಕ, ಕಾರು ತಗ್ಗಾಯ್ತು ಅನ್ನೋ ಕಾರಣಕ್ಕೆ, ಅದರಲ್ಲಿ ಕೂತವರು ಒಬ್ಬರೇ ಒಬ್ಬರು ದಾರೀಲಿ ಇಳಿದ್ರೂ ಸರಿ, ಅದನ್ನ ಮಾರ್ಬೇಕು. ಮಾರಿ ಏಳು ಸೀಟಿನ ವ್ಯಾನು ತಗೋಬೇಕು."

"ಒಪ್ಪಿದೆ."

"ಚಕ್ರದ ಕೆಳಗೆ ಹಲಗೆ, ಇಟ್ಟಿಗೆ ಏನೂ ಇಡೋ ಹಾಗಿಲ್ಲ. ಕೂತವರ ಹತ್ರ ‘ಷರತ್ತಿದೆ, ಇಳೀಬೇಡಿ’ ಅಂತ ಬೇಡ್ಕೊಳ್ಳೋ ಹಾಗೂ ಇಲ್ಲ."

"ಆಯ್ತು. ಗೇಟು ತೆಗೆಯೋಕೆ ನಾನು ಇಳೀಬೇಕಲ್ಲ?"

ಈ ಪ್ರಶ್ನೆಗೆ ತೀರ್ಪು ಕೊಟ್ಟವಳು ಕೆಮೆಲ್‌ನ ತಾಯಿ ಜೂರಾ. ಅವಳು ಅದುವರೆಗೆ ಬ್ರೆಡ್ಡಿಗೆ ಕೆನೆ ಸವರುತ್ತಿದ್ದಳು. "ಡ್ರೈವರು ಗಾಡಿಯ ಭಾಗ. ಅವನು ಇಳಿದ್ರೆ ಲೆಕ್ಕಕ್ಕಿಲ್ಲ. ಮಿಕ್ಕವರು ಇಳಿದ್ರೆ ಲೆಕ್ಕ. ನನ್ನೆದುರಿಗೆ ಆದ ಮಾತು, ಇನ್ನು ಇಬ್ರೂ ತಿದ್ದೋ ಹಾಗಿಲ್ಲ" ಎಂದು ಹೇಳಿ, ಎರಡು ಅಂಗೈಗಳಿಂದ ಮುಖ ಸವರಿಕೊಂಡು ಮಾತನ್ನು ಮುಗಿಸಿದಳು. ಆ ಮನೆಯಲ್ಲಿ ಅಂಗೈ ಮುಖ ಮುಟ್ಟಿದ ಮೇಲೆ ತಿದ್ದುಪಡಿ ಇರುತ್ತಿರಲಿಲ್ಲ.

ಕೆಮೆಲ್ ಎರಡು ಭಾನುವಾರಗಳನ್ನು ಅಳತೆಗೆ ಕೊಟ್ಟ. ಕಚೇರಿಯಿಂದ ತಂದ, ನೆಲದ ಮಟ್ಟ ನೋಡುವ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ದಿನವೂ ತಾನು ದಾಟುವ ಒಂಬತ್ತು ರಸ್ತೆಯುಬ್ಬುಗಳನ್ನೂ ಎರಡು ರೈಲ್ವೆ ಹಳಿಗಳನ್ನೂ ಗುಂಡಿಗಳನ್ನೂ ಅಳೆದ. ಅದನ್ನು ಕಂಡು, ರಸ್ತೆ ಅಗಲವಾಗುತ್ತದೆಂದು ನಂಬಿ ಬೀದಿಯ ಮೂಲೆಯ ಮನೆಯವನು ತನ್ನ ಬೇಲಿಯನ್ನು ತಾನೇ ಅರ್ಧ ಮೀಟರ್ ಹಿಂದಕ್ಕೆ ಸರಿಸಿದ. ಆ ಅರ್ಧ ಮೀಟರ್ ಮೊದಲಿನಿಂದಲೂ ಬೀದಿಯದೇ ಆಗಿದ್ದರಿಂದ ಕೆಮೆಲ್ ಸುಮ್ಮನಿದ್ದ.

ಅಳತೆ ಮುಗಿದಾಗ ಗೊತ್ತಾದದ್ದು ಇದು. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಅವನ ಮನೆಯ ಗೇಟಿನ ಮುಂದೆಯೇ ಇತ್ತು. ಬೀದಿಯುದ್ದಕ್ಕೂ ಹರಿಯುವ ನೀರಿನ ಕಾಲುವೆಗೆ ಅಡ್ಡಲಾಗಿ ಅವನೇ ಹಾಕಿಸಿದ ಕಾಂಕ್ರೀಟಿನ ಚಪ್ಪಡಿ ಅದು. ನಡುವೆ ಉಬ್ಬಿತ್ತು. ಅದರ ಮೇಲೆ ದಾಟಬೇಕಾದರೆ ಕಾರಿನ ಹೊಟ್ಟೆಯ ಕೆಳಗೆ ಏಳು ಸೆಂಟಿಮೀಟರ್ ಆರು ಮಿಲಿಮೀಟರ್ ಬೇಕು. ಅದಕ್ಕಿಂತ ಕಡಿಮೆಯಾದರೆ ಉಜ್ಜುತ್ತದೆ.

ಕಾರನ್ನು ಇಳಿಸಿದವನು ಇಸ್ಮಾರ್ ಎಂಬ ದುಂಗಾನ್ ಜನಾಂಗದ ಮೆಕ್ಯಾನಿಕ್. ಹಳೆಯ ಸ್ಪ್ರಿಂಗುಗಳನ್ನು ತೆಗೆದು, ತಿರುಪಿನ ಮೇಲೆ ಏರಿಸಿ ಇಳಿಸಬಹುದಾದ ಹೊಸವನ್ನು ಕೂರಿಸಿದ. ಕಾರಿನ ನಾಲ್ಕು ಚಕ್ರಗಳೂ ನೆಲ ಮುಟ್ಟಿ ಭಾರ ಹೊತ್ತ ಮೇಲೆಯೇ ಕೊನೆಯ ಬೋಲ್ಟುಗಳನ್ನು ಬಿಗಿಯುವುದು ಅವನ ಪದ್ಧತಿ. ಗಾಳಿಯಲ್ಲಿ ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಒಂದೇ ವರ್ಷದಲ್ಲಿ ಹರಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಒಳಗೆ ಕೂತ್ಕೋ" ಎಂದ ಇಸ್ಮಾರ್. "ಉಸಿರು ಬಿಡು. ಉಬ್ಬಿಸ್ಕೊಂಡು ಕೂತ್ರೆ ನಿನ್ನ ಕಾರೇ ಹಾಳಾಗೋದು."

"ಎಪ್ಪತ್ತೆರಡು ಕಿಲೋ ನಾನು. ಉಸಿರು ಬಿಟ್ರೂ ಅಷ್ಟೇ."

"ಗೊತ್ತು ಗುರುವೇ. ಇದರ ಸ್ಪ್ರಿಂಗು ಎಂಬತ್ತು ಕಿಲೋಗೆ ಒಂದು ಸೆಂಟಿಮೀಟರ್ ತಗ್ಗುತ್ತೆ. ಹತ್ತಿಸ್ಕೊಳ್ಳೋವಾಗ ಜನರ ಮುಖ ನೋಡ್ಬೇಡ, ಸೊಂಟ ನೋಡು."

ಈ ಒಂದು ವಾಕ್ಯವನ್ನು ಕೆಮೆಲ್ ಬರೆದಿಟ್ಟುಕೊಂಡ. ಎಂಬತ್ತು ಕಿಲೋಗೆ ಒಂದು ಸೆಂಟಿಮೀಟರ್; ಎಂಟು ಕಿಲೋಗೆ ಒಂದು ಮಿಲಿಮೀಟರ್. ಖಾಲಿ ಕಾರು ಹನ್ನೆರಡು. ಚಪ್ಪಡಿಗೆ ಬೇಕಾದದ್ದು ಏಳು ಸೆಂಟಿಮೀಟರ್ ಆರು ಮಿಲಿಮೀಟರ್. ಆದ್ದರಿಂದ ಕಾರಿನೊಳಗೆ ಮುನ್ನೂರ ಐವತ್ತೆರಡು ಕಿಲೋ ಇರಬಹುದು. ಅದರ ಮೇಲೆ ಒಂದು ಕಿಲೋ ಹೆಚ್ಚಾದರೂ ಉಜ್ಜುತ್ತದೆ.

ಮೂರು ವಾರ ಅವನು ಸುಖವಾಗಿದ್ದ. ಕಮಾನು ಚಕ್ರದ ಮೇಲೆ ಹುಬ್ಬಿನಂತೆ ಕೂತಿತ್ತು. ತಿರುವುಗಳಲ್ಲಿ ಕಾರು ಹೊರಳುವುದನ್ನು ಬಿಟ್ಟಿತ್ತು. ಬೆಳಿಗ್ಗೆ ಕಚೇರಿಯ ಗಾಜಿನ ಬಾಗಿಲಿನ ಮುಂದೆ ಅದನ್ನು ನಿಲ್ಲಿಸಿ, ಬಾಗಿಲಿನಲ್ಲಿ ಅದರ ಪ್ರತಿಬಿಂಬವನ್ನು ನೋಡಿ ಒಳಗೆ ಹೋಗುತ್ತಿದ್ದ. ಇಷ್ಟಕ್ಕೂ ಅವನು ಒಬ್ಬಂಟಿಯಾಗಿ ಓಡಾಡುತ್ತಿದ್ದ, ಒಬ್ಬಂಟಿಗೆ ಲೆಕ್ಕ ಸುಲಭ.

ನವೆಂಬರಿನಲ್ಲಿ ಅತ್-ಬಾಶಿಯಿಂದ ಬೂಬೂಸಾರಾ ಬಂದಳು. ಕೆಮೆಲ್‌ನ ತಂದೆಯ ಅಕ್ಕ. ತಂದೆ ತೀರಿಕೊಂಡ ಮೇಲೆ ಆ ವಂಶದಲ್ಲಿ ಅವಳಿಗಿಂತ ಹಿರಿಯರಿರಲಿಲ್ಲ. ತೊಕ್ಮೊಕ್‌ನಲ್ಲಿ ನೆಂಟರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಔತಣವಿತ್ತು. ಅರವತ್ತು ಕಿಲೋಮೀಟರ್ ದಾರಿ. ಅತ್ತೆಯನ್ನೂ ತಾಯಿಯನ್ನೂ ಕರೆದೊಯ್ಯುವವನು ಕೆಮೆಲ್ ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ.

"ಎಷ್ಟು ಜನ?" ಎಂದು ಸಾಯಿರಾಗುಲ್ ಕೇಳಿದಳು, ಉತ್ತರ ಗೊತ್ತಿದ್ದೂ.

"ನಾಲ್ಕು."

"ಪಾಪ" ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಕೆಮೆಲ್ ಹೊರಡುವ ಹಿಂದಿನ ದಿನ ಲೆಕ್ಕ ಹಾಕಿದ. ತಾನು ಎಪ್ಪತ್ತೆರಡು. ತಾಯಿ ಎಪ್ಪತ್ತನಾಲ್ಕು. ಸಾಯಿರಾಗುಲ್ ಐವತ್ತೆಂಟು. ಅತ್ತೆಯ ತೂಕವನ್ನು ಕೇಳುವಂತಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ನೂರ ಹದಿನಾರು ಎಂದಿತ್ತು. ಒಟ್ಟು ಮುನ್ನೂರ ಇಪ್ಪತ್ತು. ಹೋಗುವಾಗ ನಾಲ್ಕು ಮಿಲಿಮೀಟರ್ ಉಳಿಯುತ್ತದೆ. ಬರುವಾಗ ತೂಕ ಹೆಚ್ಚುತ್ತದೆ ಎಂಬುದನ್ನೂ ಅವನು ಮರೆಯಲಿಲ್ಲ. ಔತಣಕ್ಕೆ ಹೋದವರು ತಮ್ಮ ಪಾಲಿನ ಮಾಂಸವನ್ನು ಅಲ್ಲಿಯೇ ತಿಂದು ಮುಗಿಸುವುದಿಲ್ಲ. ಮನೆಯಲ್ಲಿ ಉಳಿದವರಿಗೆಂದು ಚೀಲದಲ್ಲಿ ತರುತ್ತಾರೆ. ತಲೆಗೆ ಮೂರು ಕಿಲೋದಂತೆ ಹನ್ನೆರಡು. ತಿಂದದ್ದು ಕುಡಿದದ್ದು ತಲೆಗೆ ಒಂದೂವರೆಯಂತೆ ಆರು. ಮುನ್ನೂರ ಮೂವತ್ತೆಂಟು. ಇನ್ನೂ ಹದಿನಾಲ್ಕು ಕಿಲೋ ಕೈಯಲ್ಲಿತ್ತು. ಅವನು ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಬೂಬೂಸಾರಾ ಕಾರಿನ ಮುಂದೆ ನಿಂತು ಅದನ್ನು ಮೇಲಿನಿಂದ ನೋಡಿದಳು.

"ಇದನ್ನ ಹತ್ತೋದಾ, ಹಾಕ್ಕೊಳ್ಳೋದಾ?"

"ಹತ್ತಿ ಅತ್ತೆ. ಮೊದಲು ಕೂತು ಆಮೇಲೆ ಕಾಲು ಒಳಗೆ ತಗೊಳ್ಳಿ."

"ನಲವತ್ತು ವರ್ಷ ಕುದುರೆ ಹತ್ತಿದವಳಿಗೆ ಹತ್ತೋದು ಹೇಳ್ಕೊಡ್ತಿದ್ದಾನೆ ನೋಡು ಜೂರಾ. ಕುದುರೆಗೆ ಹೊಟ್ಟೆ ಕೆಳಗೆ ಗಾಳಿ ಆಡ್ತಿತ್ತು ಕಣೋ. ಇದಕ್ಕೇನು ಕಾಲಿಗೆ ರೋಗವಾ?"

ಅವಳು ಕೂತಾಗ ಕಾರು ಒಂದೂವರೆ ಸೆಂಟಿಮೀಟರ್ ತಗ್ಗಿತು. ಲೆಕ್ಕದಂತೆಯೇ. ಚಪ್ಪಡಿಯನ್ನು ದಾಟುವಾಗ ಕೆಮೆಲ್ ಕಿವಿಯಾಗಿದ್ದ. ಸದ್ದಿಲ್ಲ.

ತೊಕ್ಮೊಕ್‌ನ ಔತಣದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮಗು ಅತ್ತಿತು, ತೊಟ್ಟಿಲಿಗೆ ಹಾಕಿದರು, ಸುಮ್ಮನಾಯಿತು, ಜನ ಉಂಡರು. ಕೆಮೆಲ್ ಕಾರನ್ನು ಗಮನಿಸಲೆಂದು ಅಂಗಳಕ್ಕೆ ಬಂದು ನಿಂತಿದ್ದಾಗ, ಅಡುಗೆಯ ಕಡೆ ಪಾತ್ರೆ ತೊಳೆಯುತ್ತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು. ಒಬ್ಬಳು ಸಾಯಿರಾಗುಲ್. ಇನ್ನೊಬ್ಬಳು ಕೆಮೆಲ್‌ನ ಚಿಕ್ಕಪ್ಪನ ಮಗ ಸಗಿನ್‌ನ ಹೆಂಡತಿ ಅಸಿಲ್. ಸಗಿನ್ ಬೇಸಿಗೆಯಲ್ಲಿ ಏಳು ಸೀಟಿನ ವ್ಯಾನು ಕೊಂಡಿದ್ದ.

"ನಿಮಗೇನಮ್ಮ" ಎನ್ನುತ್ತಿದ್ದಳು ಅಸಿಲ್. "ಮೂರು ಜನ ಹತ್ತಿದ್ರೆ ಬಾಗಿಲು ಹಾಕ್ಕೊಂಡು ಹೊರಟ್ರಿ. ನಮ್ಮದರಲ್ಲಿ ಬಾಗಿಲು ಹಾಕೋದೇ ಇಲ್ಲ. ಬೆಳಿಗ್ಗೆಯಿಂದ ಇದು ಮೂರನೇ ಟ್ರಿಪ್ಪು. ಏಳು ಸೀಟಿಗೆ ಹನ್ನೊಂದು ಜನ."

"ನೀವೆಲ್ಲಿ ಕೂತ್ರಿ?"

"ಕೊನೇ ಸಾಲು. ಕುರಿ ಜೊತೆ."

"ಕುರಿನಾ?"

"ಬರೋವಾಗ ಕುರಿ. ಹೋಗೋವಾಗ ಅದೇ ಕುರಿ, ಚೀಲದಲ್ಲಿ."

ಸಾಯಿರಾಗುಲ್ ಒಂದು ತಟ್ಟೆಯನ್ನು ಬಹಳ ಹೊತ್ತು ತೊಳೆದಳು. "ಮುಂದಿನ ಸೀಟು?"

"ಅದು ನಮ್ಮ ಮಾವನ ಅಣ್ಣಂದು. ಅವರಿಲ್ದಿದ್ರೆ ತಮ್ಮಂದು. ಆಮೇಲೆ ಅತ್ತೆ, ಅತ್ತೆಯ ತಂಗಿ, ಪಕ್ಕದ ಮನೆ ಮುದುಕ. ನನ್ನ ಸರದಿ ಬರೋ ಹೊತ್ತಿಗೆ ವ್ಯಾನು ತುಕ್ಕು ಹಿಡಿದಿರುತ್ತೆ. ಮೊದಲು ಸಣ್ಣ ಕಾರಿತ್ತು ನಮಗೆ. ಜಾಗ ಇಲ್ಲ ಅಂದ್ರೆ ಜನ ನಂಬ್ತಿದ್ರು."

ಕೆಮೆಲ್ ಇದನ್ನು ಕೇಳಿದ. ಹನ್ನೊಂದು ಜನರೆಂದರೆ ಸಗಿನ್‌ನ ವ್ಯಾನಿನ ಸ್ಪ್ರಿಂಗುಗಳಿಗೆ ಎಷ್ಟು ಭಾರವೆಂದು ಯೋಚಿಸಿದ. ಬೇರೇನನ್ನೂ ಯೋಚಿಸಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೊರಟರು. ನಾಲ್ಕು ಚೀಲ ಮಾಂಸವನ್ನು ಕೆಮೆಲ್ ತಾನೇ ಹಿಂದಿನ ಡಿಕ್ಕಿಯಲ್ಲಿಟ್ಟ. ಎತ್ತಿ ನೋಡಿದ, ಒಂದೊಂದು ಮೂರೇ ಕಿಲೋ. ಅತ್ತೆಗೆ ಗೌರವದಿಂದ ಹೊಸ ಕೋಟೊಂದನ್ನು ಹೊದಿಸಿದ್ದರು. ಅದನ್ನು ಅವಳು ಹಳೆಯ ಕೋಟಿನ ಮೇಲೆಯೇ ತೊಟ್ಟು, ಕೈಗಳನ್ನು ಒಳಗಿಟ್ಟುಕೊಂಡು, ಯಾರ ಸಹಾಯವನ್ನೂ ಪಡೆಯದೆ ಕೂತಳು. ತಾಯಿ ಮಡಿಲ ಮೇಲೆ ಶಾಲು ಮುಚ್ಚಿಕೊಂಡಿದ್ದಳು.

"ಇಷ್ಟೇನಾ ಅಮ್ಮ? ಬೇರೇನಾದ್ರೂ ಇದ್ಯಾ?" ಎಂದು ಕೆಮೆಲ್ ಕೇಳಿದ.

"ಬೇರೇನು? ನಾವು ಆಸೆಬುರುಕರಾ?" ಎಂದಳು ಜೂರಾ.

"ನಮ್ಮ ವಂಶದಲ್ಲಿ ಪಾಲಿಗಿಂತ ಹೆಚ್ಚು ಮುಟ್ಟಿದವರಿಲ್ಲ" ಎಂದಳು ಬೂಬೂಸಾರಾ.

ದಾರಿಯಲ್ಲಿ ಉಬ್ಬುಗಳೆಲ್ಲ ಸದ್ದಿಲ್ಲದೆ ಮುಗಿದವು. ಅವು ಚಪ್ಪಡಿಯಷ್ಟು ಕೆಟ್ಟವಲ್ಲ. ನಾಲ್ಕೂಕಾಲಿಗೆ ಮನೆಯ ಬೀದಿಗೆ ತಿರುಗಿದರು. ಬಿಸಿಲಿನ್ನೂ ಗೋಡೆಗಳ ಮೇಲಿತ್ತು. ಕೆಮೆಲ್ ಕಾರನ್ನು ಮೆಲ್ಲಗೆ ಚಪ್ಪಡಿಗೆ ಏರಿಸಿದ. ಮುಂದಿನ ಚಕ್ರಗಳು ಉಬ್ಬನ್ನು ದಾಟಿದವು. ಆಮೇಲೆ ಕೆಳಗಿನಿಂದ, ಬಾಣಲೆಯನ್ನು ಚಮಚದಿಂದ ಕೆರೆದಂಥ ಸದ್ದು ಬಂದಿತು.

ಕೆಮೆಲ್ ಅರ್ಧ ಮೀಟರ್ ಹಿಂದಕ್ಕೆ ತಂದು ನಿಲ್ಲಿಸಿದ. "ಗೇಟು ತೆಗೀತೀನಿ" ಎಂದು ಹೇಳಿ ಇಳಿದ. ಗೇಟು ತೆಗೆದ. ಅನಂತರ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ನೆಲದ ಮೇಲೆ ಮಲಗಿದ. ತಾನು ಇಳಿದದ್ದರಿಂದ ಕಾರು ಏರಿದ ಒಂಬತ್ತು ಮಿಲಿಮೀಟರನ್ನು ಕಳೆದ. ಎರಡು ಮಿಲಿಮೀಟರ್ ಸಾಲದು.

ಎರಡು ಮಿಲಿಮೀಟರ್ ಸಾಲದು ಎಂದರೆ ಕಾರಿನಲ್ಲಿ ಮುನ್ನೂರ ಅರವತ್ತೆಂಟು ಕಿಲೋ ಇದೆ ಎಂದು ಅರ್ಥ. ಅವನ ಲೆಕ್ಕದಲ್ಲಿದ್ದದ್ದು ಮುನ್ನೂರ ಮೂವತ್ತೆಂಟು. ಸ್ಪ್ರಿಂಗಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ಮೂವತ್ತು ಕಿಲೋ ಯಾರೋ ಹೇಳದೆ ತಂದಿದ್ದರು.

ಔತಣದಿಂದ ಬರುವವರು ‘ಇಷ್ಟೇ’ ಎಂದಾಗ ಅದನ್ನು ಅವನು ಅಳತೆಯೆಂದು ಬರೆದುಕೊಂಡಿದ್ದ. ಹುಟ್ಟಿದಾಗಿನಿಂದ ಆ ಊರಿನಲ್ಲಿರುವವನು ಮಾಡಬಾರದ ತಪ್ಪು ಅದು. ಆದರೆ ಅತ್ತೆಯ ಕೋಟಿನೊಳಗೆ ಏನಿದೆಯೆಂದಾಗಲಿ, ತಾಯಿಯ ಶಾಲಿನ ಕೆಳಗೆ ಏನಿದೆಯೆಂದಾಗಲಿ ಈಗ ಕೇಳುವಂತಿರಲಿಲ್ಲ. ಹಿರಿಯರನ್ನು ಕಾರಿನಿಂದ ಇಳಿಸಿದರೆ ಕಾರು ಹೋಗುತ್ತದೆ. ಹಿರಿಯರ ಮಡಿಲನ್ನು ಬಿಡಿಸಿ ನೋಡಿದರೆ ಅದಕ್ಕಿಂತ ಹೆಚ್ಚಿನದು ಹೋಗುತ್ತದೆ.

ಎದ್ದು ಡಿಕ್ಕಿ ತೆರೆದು ಮಾಂಸದ ಚೀಲಗಳನ್ನು ತೆಗೆದ. ತಿನ್ನುವುದನ್ನು ನೆಲದ ಮೇಲಿಡುವಂತಿಲ್ಲವಾದ್ದರಿಂದ ನಾಲ್ಕನ್ನೂ ಒಂದೊಂದಾಗಿ ಗೇಟಿನ ಸರಳಿಗೆ ತೂಗುಹಾಕಿದ.

ಬೂಬೂಸಾರಾ ಕಿಟಕಿ ಇಳಿಸಿದಳು. "ಮಾಂಸ ಯಾಕೋ ಇಳೀತಿದೆ?"

"ಗಾಳಿ ಆಡ್ಲಿ ಅಂತ ಅತ್ತೆ."

"ನಮಗೆ ಗಾಳಿ ಬೇಡ್ವಾ?"

"ನೀವು ಕೂತಿರಿ. ಆರಾಮಾಗಿ ಕೂತಿರಿ."

ಹನ್ನೆರಡು ಹೋಯಿತು. ಮುನ್ನೂರ ಐವತ್ತಾರು. ಇನ್ನೂ ನಾಲ್ಕು ಕಿಲೋ ಹೆಚ್ಚು. ಅರ್ಧ ಮಿಲಿಮೀಟರ್. ಅವನು ಡಿಕ್ಕಿಯಲ್ಲಿ ಹುಡುಕಿದ. ಜಾಕು, ಬದಲಿ ಚಕ್ರ ಎಲ್ಲವನ್ನೂ ಅವನು ಲೆಕ್ಕದ ಬಿಗಿತಕ್ಕಾಗಿ ಬೆಳಿಗ್ಗೆಯೇ ಮನೆಯಲ್ಲಿ ಬಿಟ್ಟಿದ್ದ. ಕಾಲುಹಾಸುಗಳನ್ನು ಕೂಡ ಬಿಟ್ಟಿದ್ದ. ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ತನ್ನ ಕೋಟು, ಬೂಟು, ಬೆಲ್ಟು ಬಿಚ್ಚಿ ಸರಳಿಗೆ ಹಾಕಿದರೆ ಎರಡೂವರೆ ಕಿಲೋ ಆಗಬಹುದು. ಉಳಿದ ಒಂದೂವರೆಗೆ ಬಿಚ್ಚುವುದೇನಿದೆ ಎಂದು ಯೋಚಿಸಿ ನಿಲ್ಲಿಸಿದ.

"ಎಷ್ಟೊತ್ತೋ?" ಎಂದಳು ಅತ್ತೆ. "ಗೇಟು ತೆಗೆಯೋಕೆ ಹೋದವನು ಗೇಟಿಗೆ ಮದುವೆ ಮಾಡ್ತಿದ್ದಾನೆ. ನನ್ನ ಮಂಡಿ ಹಿಡ್ಕೊಂಡಿದೆ. ಇಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ, ಹತ್ತು ಹೆಜ್ಜೆ."

ಅವಳ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಹಿಂದಿನ ಸೀಟಿನಲ್ಲಿ ಜೂರಾ ಮಗನ ಮುಖವನ್ನು ನೋಡಿದಳು, ಅನಂತರ ಸೊಸೆಯ ಮುಖವನ್ನು. ತೀರ್ಪು ಕೊಡುವವಳಾದ್ದರಿಂದ ಅವಳು ಬಾಯಿಬಿಡುವಂತಿರಲಿಲ್ಲ. ಕೆಮೆಲ್ ಡ್ರೈವರನ ಬಾಗಿಲಿನಿಂದ ಬಗ್ಗಿ ಒಳಗೆ ನೋಡಿದ. ಬೇಡಿಕೊಳ್ಳುವಂತಿರಲಿಲ್ಲ, ಬೇಡಿಕೊಳ್ಳಲಿಲ್ಲ. ಒಂಬತ್ತು ವರ್ಷ ಹಿಡಿದ ಸ್ಟೀರಿಂಗ್ ಅವನ ಕೆನ್ನೆಯ ಹತ್ತಿರವಿತ್ತು.

ಸಾಯಿರಾಗುಲ್ ಸುಮ್ಮನೆ ಕೂತಿದ್ದರೆ ಸಾಕಿತ್ತು. ಹಿಡಿ ತಿರುಗುತ್ತಿತ್ತು, ಅತ್ತೆಯ ಕಾಲು ನೆಲಕ್ಕೆ ಬರುತ್ತಿತ್ತು, ವ್ಯಾನು ಮನೆಗೆ ಬರುತ್ತಿತ್ತು.

"ತಾಳಿ, ಅತ್ತೆ" ಎಂದಳು ಸಾಯಿರಾಗುಲ್. "ಇಲ್ಲಿ ಕೆಸರಿದೆ. ಹೊಸ ಕೋಟಿನ ಅಂಚು ಹಾಳಾಗುತ್ತೆ."

ಅತ್ತೆಯ ಕೈ ಹಿಡಿಯ ಮೇಲೆ ನಿಂತಿತು. ಕೆಸರಿರಲಿಲ್ಲ. ಆದರೆ ಅಷ್ಟು ತಗ್ಗಿನಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ.

ಸಾಯಿರಾಗುಲ್ ತನ್ನ ಕಾಲಿನ ಬಳಿಯಿಂದ ಬಟ್ಟೆ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಎತ್ತಿ, ಎರಡು ಸೀಟುಗಳ ನಡುವಿನಿಂದ ಗಂಡನಿಗೆ ಚಾಚಿದಳು. ಮೂರು ಲೀಟರಿನ ಗಾಜಿನ ಜಾಡಿ. ಕತ್ತಿನವರೆಗೆ ಬಿಳಿ ಜೇನು.

"ಔತಣದ ಮನೆಯವರು ಕೊಟ್ರು. ನನ್ನ ಹತ್ರ ಇದೂ ಇತ್ತು" ಎಂದಳು. "ಹೇಳೋದು ಮರೆತೆ."

ಕೆಮೆಲ್ ಜಾಡಿಯನ್ನು ತೆಗೆದುಕೊಂಡ. ಜೇನು ನೀರಿಗಿಂತ ಭಾರ. ಒಂದು ಲೀಟರಿಗೆ ಒಂದು ಕಿಲೋ ನಾನೂರು ಗ್ರಾಮು. ಮೂರು ಲೀಟರಿಗೆ ನಾಲ್ಕು ಕಿಲೋ ಇನ್ನೂರು. ಜಾಡಿಯ ಗಾಜನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ದೇವರ ಪಾಲಿಗೆ ಬಿಟ್ಟ. ಜಾಡಿಯನ್ನು ಗೇಟಿನ ಕಂಬದ ತಲೆಯ ಮೇಲಿಟ್ಟು ಬಂದು ಕೂತ. ಬಾಗಿಲು ಹಾಕಿದ.

ಕಾರು ಚಪ್ಪಡಿಯನ್ನು ಏರಿತು. ಮುಂದಿನ ಚಕ್ರಗಳು ದಾಟಿದವು. ಹೊಟ್ಟೆ ಉಬ್ಬಿನ ಮೇಲೆ ಬಂದಿತು. ಜೂರಾ ಉಸಿರು ಹಿಡಿದಿದ್ದಳು. ಅದರಿಂದ ತೂಕದಲ್ಲಿ ವ್ಯತ್ಯಾಸವಾಗುವುದಿಲ್ಲವೆಂದು ಕೆಮೆಲ್‌ಗೆ ಗೊತ್ತಿದ್ದರೂ ಬೇಡವೆನ್ನಲಿಲ್ಲ. ಹಿಂದಿನ ಚಕ್ರಗಳು ದಾಟಿದವು. ಕಾರು ಅಂಗಳದಲ್ಲಿ ನಿಂತಿತು.

"ಅಬ್ಬಾ, ಮನೆ ಬಂತು" ಎಂದು ಬೂಬೂಸಾರಾ ಬಾಗಿಲು ತೆರೆದು, ಎರಡು ಕೋಟುಗಳ ಸಮೇತ, ಕೈಗಳನ್ನು ಒಳಗೇ ಇಟ್ಟುಕೊಂಡು ಇಳಿಯಲು ನೋಡಿ, ಆಗದೆ, "ಎತ್ತೋ" ಎಂದಳು.

ರಾತ್ರಿಯೂಟದ ವೇಳೆಗೆ ಯಾರೂ ಏನೂ ಹೇಳದೆಯೇ ಮೇಜು ತುಂಬಿತು. ಅತ್ತೆಯ ಕಡೆಯಿಂದ ಕುರಿಯ ಬಾಲದ ಕೊಬ್ಬಿನ ದೊಡ್ಡ ತುಂಡು, ಕುದುರೆ ಮಾಂಸ ತುಂಬಿದ ಎರಡು ಕರುಳು, ಸಿಹಿತಿಂಡಿಯ ಗಂಟು. ತಾಯಿಯ ಕಡೆಯಿಂದ ಕುರಿಯ ಜಠರದಲ್ಲಿ ಕಟ್ಟಿದ ಬೆಣ್ಣೆ, ಕೆಂಪಕ್ಕಿಯ ಚೀಲ. ಇವೆಲ್ಲ ಎಲ್ಲಿಂದ ಬಂದವೆಂದು ಕೇಳುವುದು ಆ ಮನೆಯ ರೀತಿಯಲ್ಲ. ಮರುದಿನ ಬೆಳಿಗ್ಗೆ, ಎಲ್ಲರೂ ಏಳುವ ಮೊದಲು, ಕೆಮೆಲ್ ಅವನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದ. ಇಪ್ಪತ್ತೈದು ಕಿಲೋ ಆರುನೂರು. ಜೇನು ಸೇರಿದರೆ ಇಪ್ಪತ್ತೊಂಬತ್ತು ಕಿಲೋ ಎಂಟುನೂರು. ಮೂವತ್ತಕ್ಕೆ ಇನ್ನೂರು ಗ್ರಾಮು ಕಡಿಮೆ. ಸಿಹಿತಿಂಡಿಯ ಗಂಟು ರಾತ್ರಿ ಬಿಚ್ಚಿದ್ದು ಅವನಿಗೆ ನೆನಪಾಯಿತು. ಲೆಕ್ಕ ಸರಿಯಿತ್ತು.

ಆದರೂ ಅವನಿಗೆ ಸಮಾಧಾನವಿರಲಿಲ್ಲ. ನೊರೂಜ್‌ಗೆ ಇನ್ನೂ ನಾಲ್ಕು ತಿಂಗಳಿತ್ತು. ಚಳಿಗಾಲದ ತುಂಬ ಔತಣಗಳಿದ್ದವು. ಮುಂದಿನ ವಾರ ಅವನು ಸೋಲೊಪ್ಪಿದವನಂತೆ ಹೇಳಿದ: "ಇಸ್ಮಾರ್ ಹತ್ರ ಹೋಗಿ ಒಂದು ಸೆಂಟಿಮೀಟರ್ ಏರಿಸ್ಕೊಂಡು ಬರ್ತೀನಿ. ಎಂಬತ್ತು ಕಿಲೋ ಸಿಗುತ್ತೆ."

"ನಾನೂ ಬರ್ತೀನಿ" ಎಂದಳು ಸಾಯಿರಾಗುಲ್.

ಆ ಮಾತಿಗೆ ಜೂರಾ ಕೂಡ ತಲೆಯೆತ್ತಿದಳು. "ಕೇಳೋ, ಮುಂದಿನ ಶುಕ್ರವಾರ ಕಾಂತ್ ಊರಿನ ಔತಣಕ್ಕೆ ನಾನು ಸಗಿನ್ ವ್ಯಾನಲ್ಲಿ ಹೋಗ್ತೀನಿ. ನಿನ್ನ ಕಾರಿಂದ ನನ್ನ ಎಬ್ಬಿಸೋಕೆ ಇಬ್ಬರು ಬೇಕು. ಅದರಲ್ಲಾದ್ರೆ ನಾಲ್ಕು ಜನ ಮಾತಿಗೂ ಸಿಗ್ತಾರೆ. ಮುಂದಿನ ಸೀಟು ನನಗೇ ಅಂತ ಅಸಿಲ್ ಹೇಳಿದ್ದಾಳೆ, ಪಾಪ, ಒಳ್ಳೆ ಹುಡುಗಿ."

ಸಾಯಿರಾಗುಲ್ ಮುಂದಿನ ಸೀಟಿನಲ್ಲಿ ಕೂತು ಬಂದಳು. ಇಸ್ಮಾರ್ ಕಾರಿನ ಕೆಳಗೆ ಬೆಳಕು ಹಿಡಿದು ಉಜ್ಜಿದ ಗುರುತನ್ನು ನೋಡಿದ. ಬೆರಳಿನುದ್ದದ ಗೀರು.

"ಇದೇನು, ಮುತ್ತು ಕೊಟ್ಟಿದ್ದಾ?"

"ಎರಡು ಮಿಲಿಮೀಟರ್."

"ಏರಿಸ್ಲಾ?" ಎಂದು ಇಸ್ಮಾರ್ ತಿರುಪಿನ ಸ್ಪ್ಯಾನರನ್ನು ಕೈಗೆತ್ತಿಕೊಂಡ.

ಕೆಮೆಲ್ ಹೌದೆನ್ನುವುದಕ್ಕೆ ಬಾಯಿ ತೆರೆದ. ಸಾಯಿರಾಗುಲ್ ಅವನಿಗಿಂತ ಮೊದಲು ಮಾತಾಡಿದಳು. "ಅಣ್ಣ, ಇನ್ನೊಂದು ಸೆಂಟಿಮೀಟರ್ ಇಳಿಸಿದ್ರೆ ಎಷ್ಟು ಜನ ಕೂರಬಹುದು?"

ಇಸ್ಮಾರ್ ಕೆಮೆಲ್‌ನನ್ನು ನೋಡಿದ. ಕೆಮೆಲ್ ಹೆಂಡತಿಯನ್ನು ನೋಡಿದ. ಪ್ರಶ್ನೆ ಗಣಿತದ್ದಾಗಿದ್ದರಿಂದ ಉತ್ತರಿಸುವುದೇ ಧರ್ಮವೆಂದು ಅವನಿಗೆ ತೋರಿತು.

"ಇನ್ನೂರ ಎಪ್ಪತ್ತೆರಡು ಕಿಲೋ. ನಾವಿಬ್ಬರು, ಜೊತೆಗೆ ಅಮ್ಮ. ಇಲ್ಲ, ಅಮ್ಮನ ಬದಲು ಅತ್ತೆ."

"ಎರಡು ಇಳಿಸಿದ್ರೆ?"

"ನೂರ ತೊಂಬತ್ತೆರಡು. ನಾವಿಬ್ಬರು ಸೇರಿ ನೂರ ಮೂವತ್ತು. ಮಿಕ್ಕೋದು ಅರವತ್ತೆರಡು." ಅವನು ಬೆರಳು ಮಡಿಸಿ ಎಣಿಸಿದ. "ನಮ್ಮ ಕಡೆ ಅರವತ್ತೆರಡು ಕಿಲೋದ ಹಿರಿಯರು ಯಾರೂ ಇಲ್ಲ."

"ಚಪ್ಪಡಿ ದಾಟುತ್ತಾ?"

"ಇಬ್ಬರಿದ್ರೆ ದಾಟುತ್ತೆ. ಎಂಟು ಮಿಲಿಮೀಟರ್ ಉಳಿಯುತ್ತೆ."

ಸಾಯಿರಾಗುಲ್ ಕೈಚೀಲವನ್ನು ಭುಜಕ್ಕೆ ಸರಿಸಿಕೊಂಡಳು.

"ಹಾಗಾದ್ರೆ ಎರಡು ಇಳಿಸಿ ಅಣ್ಣ" ಎಂದಳು. "ಯಾರಾದ್ರೂ ಕೇಳಿದ್ರೆ, ಜಾಗ ಇದೆ, ಎತ್ತರ ಇಲ್ಲ ಅಂತ ಹೇಳ್ತೀನಿ."

ಇಸ್ಮಾರ್ ಕಾರಿನ ಕೆಳಗೆ ಸರಿದ. ಕೆಮೆಲ್ ಅವನು ತಿರುಪನ್ನು ಎಷ್ಟು ಸುತ್ತು ತಿರುಗಿಸುತ್ತಾನೆಂದು ಎಣಿಸುತ್ತ ನಿಂತ.